ನಮ್ಮ ಹಳ್ಳಿ ದೊಡ್ಡ ಕಮ್ಯೂನಿನಲ್ಲಿ ಸೇರಿ ಹತ್ತು ವರ್ಷವಾಯಿತು: ಮರಳಿ ಬೇರೆಯಾಗಲು ದಾರಿ ಉಂಟೇ?

ಲ್ವಾರ್ ದಂಡೆಯವಳು

ಎಲ್ಲರಿಗೂ ನಮಸ್ಕಾರ. ನಾನು ಮೂಲತಃ ಧಾರವಾಡದವಳು. ಮದುವೆಯಾಗಿ ಪಶ್ಚಿಮ ಫ್ರಾನ್ಸಿನ ಆಂಜೂ ಸೀಮೆಯ ಒಂದು ಹಳ್ಳಿಗೆ ಬಂದು ಹದಿನಾರು ವರ್ಷಗಳಾದವು. ಹಳ್ಳಿಯ ಹೆಸರು ಹೇಳುವುದಿಲ್ಲ. ನಾನೂರು ಜನರ ಊರು, ಹೆಸರು ಹೇಳಿದರೆ ಮನೆಯ ಬಾಗಿಲನ್ನೇ ತೋರಿಸಿದ ಹಾಗಾಗುತ್ತದೆ.

2016ರ ಜನವರಿ 1ರಂದು ನಮ್ಮದೂ ಸೇರಿ ಹನ್ನೊಂದು ಕಮ್ಯೂನುಗಳು, ಅಂದರೆ ಊರಿಗೊಂದರಂತೆ ಇರುವ ಸ್ಥಳೀಯ ಆಡಳಿತದ ಘಟಕಗಳು, ಒಂದಾದವು. ಹದಿನಾಲ್ಕು ಕಿಲೋಮೀಟರ್ ದೂರದ ಪೇಟೆ ಕೇಂದ್ರವಾಯಿತು. ‘ಏನೂ ಬದಲಾಗುವುದಿಲ್ಲ, ನಿಮ್ಮ ಮೇರಿಯ ಬಾಗಿಲು ತೆರೆದೇ ಇರುತ್ತದೆ’ ಎಂದು ಅಂದಿನ ಸಭೆಯಲ್ಲಿ ಭರವಸೆ ಕೊಟ್ಟಿದ್ದರು. ಇಲ್ಲಿ ಪುರಸಭೆಯ ಕಚೇರಿಗೆ ‘ಮೇರಿ’ ಎನ್ನುತ್ತಾರೆ. ಬಂದ ಹೊಸದರಲ್ಲಿ ‘ಮೇರಿಯಲ್ಲಿ ಕೇಳು’ ಎಂದು ಅತ್ತೆ ಹೇಳಿದಾಗ, ಆ ಹೆಸರಿನ ಹೆಂಗಸು ಯಾರಿರಬಹುದು ಎಂದು ಯೋಚಿಸಿದವಳು ನಾನು.

ಆ ಬಾಗಿಲು ಮೊದಲು ವಾರಕ್ಕೆ ಐದು ದಿನ ತೆರೆದಿರುತ್ತಿತ್ತು, ಆಮೇಲೆ ಮೂರು ದಿನವಾಯಿತು, ಈಗ ಮಂಗಳವಾರ ಮತ್ತು ಶುಕ್ರವಾರ ಬೆಳಗ್ಗೆ ಮಾತ್ರ. ಈ ಮಾರ್ಚಿನಲ್ಲಿ ಆಯ್ಕೆಯಾದ ಹೊಸ ಪರಿಷತ್ತಿನಲ್ಲಿ, ಹಳೆಯ ಹಳ್ಳಿಗಳಿಗೆ ಉಳಿದಿರುವ ‘ಕಮ್ಯೂನ್ ದೆಲೆಗೆ’ ಎಂಬ ಸ್ಥಾನವನ್ನೂ ತೆಗೆದುಹಾಕುವ ಮಾತು ನಡೆದಿದೆಯಂತೆ. ಹಾಗಾದರೆ ನಮ್ಮ ಊರಿನ ಹೆಸರು ಇನ್ನು ರಸ್ತೆಯ ಫಲಕದ ಮೇಲಷ್ಟೇ.

ನನ್ನ ಪ್ರಶ್ನೆ ಎರಡು. ಇದನ್ನು ತಡೆಯಲು ಕಾನೂನಿನಲ್ಲಿ ಅವಕಾಶವಿದೆಯೇ? ಒಮ್ಮೆ ಸೇರಿದ ಹಳ್ಳಿ ಮತ್ತೆ ಬೇರೆಯಾಗಬಹುದೇ? ಫ್ರಾನ್ಸಿನ ಹಳ್ಳಿಗಳಲ್ಲಿರುವ ಕನ್ನಡಿಗರು ಬೆರಳೆಣಿಕೆಯಷ್ಟೇ ಎಂದು ಗೊತ್ತು. ಆದರೂ ತಿಳಿದವರು ಇಲ್ಲಿ ಇದ್ದೇ ಇರುತ್ತಾರೆಂಬ ನಂಬಿಕೆ.

ಅಂಕಿಅಂಶ

ಮೇಡಂ, ಕೋಪ ಮಾಡಿಕೊಳ್ಳಬೇಡಿ. ನಾನು ಪ್ಯಾರಿಸ್ಸಿನಲ್ಲಿ ಕುಳಿತು ಸಾರ್ವಜನಿಕ ಹಣಕಾಸಿನ ಲೆಕ್ಕ ನೋಡುವವನು. 2015ರ ಆರಂಭದಲ್ಲಿ ಈ ದೇಶದಲ್ಲಿ 36,658 ಕಮ್ಯೂನುಗಳಿದ್ದವು. ಜರ್ಮನಿಯ ಜನಸಂಖ್ಯೆ ಫ್ರಾನ್ಸಿಗಿಂತ ಹೆಚ್ಚು, ಆದರೂ ಅಲ್ಲಿರುವುದು ಹನ್ನೊಂದು ಸಾವಿರದ ಆಸುಪಾಸು. ಫ್ರಾನ್ಸಿನ ಅರ್ಧಕ್ಕಿಂತ ಹೆಚ್ಚು ಕಮ್ಯೂನುಗಳಲ್ಲಿ ಐನೂರು ಜನರೂ ಇಲ್ಲ. ನಾನೂರು ಜನರ ಊರಿಗೊಬ್ಬ ಮೇಯರ್, ಹನ್ನೊಂದು ಜನ ಸದಸ್ಯರು, ಒಂದು ಆಯವ್ಯಯ, ಒಂದು ಚರ್ಚಿನ ಛಾವಣಿ ಮತ್ತು ಆ ಛಾವಣಿಗೆ ಬೇಕಾದ ಹಣದ ಕೊರತೆ: ಇದನ್ನು ಎಷ್ಟು ಕಾಲ ಹೀಗೆಯೇ ನಡೆಸಲು ಸಾಧ್ಯವಿತ್ತು, ನೀವೇ ಹೇಳಿ.

ತುಂಗಾತೀರ

ಚರ್ಚಿನ ಛಾವಣಿಗೂ ಪುರಸಭೆಗೂ ಏನು ಸಂಬಂಧ? ಚರ್ಚಿನವರೇ ಮಾಡಿಸಿಕೊಳ್ಳಲಿ.

ಕಡತಪ್ರಿಯ

ಸಂಬಂಧ ಬಹಳ ಇದೆ. ಫ್ರಾನ್ಸಿನಲ್ಲಿ ಧರ್ಮವನ್ನೂ ಪ್ರಭುತ್ವವನ್ನೂ ಬೇರ್ಪಡಿಸಿದ 1905ರ ಕಾನೂನಿನ ನಂತರ, ಅದಕ್ಕೂ ಮುಂಚೆ ಕಟ್ಟಿದ ಹಳ್ಳಿಯ ಚರ್ಚುಗಳು ಕಮ್ಯೂನಿನ ಆಸ್ತಿಯಾಗಿ ಉಳಿದವು. ಪೂಜೆ ಪಾದ್ರಿಗಳದು, ಹಂಚು ಪುರಸಭೆಯದು. ಹನ್ನೊಂದು ಕಮ್ಯೂನು ಒಂದಾದರೆ ಹೊಸ ಕಮ್ಯೂನಿನ ಕೊರಳಿಗೆ ಹನ್ನೊಂದು ಚರ್ಚು ಬೀಳುತ್ತವೆ. ಮೇಡಂ ಇರುವ ಸೀಮೆಯಲ್ಲೇ ಬೋಜೆ-ಆನ್-ಆಂಜೂ ಎಂಬ ಹೊಸ ಕಮ್ಯೂನಿದೆ. 2013ರಲ್ಲಿ ಐದು ಕಮ್ಯೂನುಗಳಿಂದ ಶುರುವಾಗಿ 2016ರಲ್ಲಿ ಹದಿನೈದಾಯಿತು. ಅದರೊಳಗಿನ ವ್ಯೇ-ಬೋಜೆ ಮತ್ತು ಪೊಂತಿನ್ಯೆ ಎಂಬ ಹಳ್ಳಿಗಳ ಚರ್ಚುಗಳ ಗೋಪುರಗಳು ಒದ್ದೆ ಬಟ್ಟೆಯನ್ನು ಹಿಂಡಿದಂತೆ ತಿರುಚಿಕೊಂಡಿವೆ. ಅಂಥ ಗೋಪುರಕ್ಕೆ ಕಲ್ಲುಹಲಗೆ ಹೊದಿಸುವುದು ಮುನ್ನೂರು, ನಾನೂರು ಜನರ ತೆರಿಗೆಯಿಂದ ಆಗುವ ಕೆಲಸವಲ್ಲ. ಈ ಮಟ್ಟಿಗೆ ಅಂಕಿಅಂಶ ಅವರ ಮಾತು ಸರಿ.

ಮೇಡಂ ಕೇಳಿದ ಪ್ರಶ್ನೆಗೆ ಸಂಜೆ ವಿವರವಾಗಿ ಬರೆಯುತ್ತೇನೆ.

ಹಳೆಯ ಮಾಸ್ತರು

ನಾನು ನಿವೃತ್ತ ಇತಿಹಾಸ ಶಿಕ್ಷಕ. ಮಗ ಲಿಯೋನಿನಲ್ಲಿರುವುದರಿಂದ ವರ್ಷಕ್ಕೆ ಮೂರು ತಿಂಗಳು ಅಲ್ಲಿರುತ್ತೇನೆ. ಕಮ್ಯೂನು ಎಂಬುದು ಆಡಳಿತದ ಅನುಕೂಲಕ್ಕೆ ನಕ್ಷೆಯ ಮೇಲೆ ಎಳೆದ ಗೆರೆ ಎಂದು ಅಂಕಿಅಂಶ ಅವರು ಭಾವಿಸಿದಂತಿದೆ. 1789ರ ಡಿಸೆಂಬರಿನಲ್ಲಿ ಕ್ರಾಂತಿಯ ಸಭೆಯು ಪುರಸಭೆಗಳನ್ನು ಸ್ಥಾಪಿಸಿದಾಗ ಹೊಸ ಗೆರೆಗಳನ್ನು ಎಳೆಯಲಿಲ್ಲ. ಹೆಚ್ಚಿನ ಕಡೆ ಶತಮಾನಗಳಿಂದ ಇದ್ದ, ಒಂದೊಂದು ಚರ್ಚಿಗೆ ಸೇರಿದ ಪ್ರದೇಶಗಳಾದ ಪ್ಯಾರಿಷ್‌ಗಳ ಎಲ್ಲೆಗಳನ್ನೇ ಒಪ್ಪಿಕೊಂಡಿತು. ಜನ ಹುಟ್ಟಿದ್ದು, ಮದುವೆಯಾದದ್ದು, ಮಣ್ಣಾದದ್ದು ಯಾವ ಗಂಟೆಯ ನಾದ ಕೇಳುವಷ್ಟು ದೂರದಲ್ಲೋ ಅದೇ ಅವರ ಕಮ್ಯೂನಾಯಿತು. ಮುಂದೆ ಗಣರಾಜ್ಯವು ಪ್ರತಿ ಊರಲ್ಲೂ ಒಂದು ಮೇರಿಯನ್ನು ಕಟ್ಟಿತು, ಅದರ ಒಳಗೆ ತನ್ನ ಸಂಕೇತವಾದ ಮರಿಯಾನ್‌ಳ ಗಚ್ಚಿನ ಪ್ರತಿಮೆಯನ್ನು ಇಟ್ಟಿತು, 1918ರ ನಂತರ ಮುಂದಿನ ಚೌಕದಲ್ಲಿ ಸತ್ತವರ ಸ್ಮಾರಕವನ್ನು ನಿಲ್ಲಿಸಿತು. ಈ ಮೂರೂ ಸೇರಿದ ಮೇಲೆ ಅದು ಬರೀ ಕಚೇರಿಯಾಗಿ ಉಳಿಯುವುದಿಲ್ಲ.

ಅಂಕಿಅಂಶ

ಮಾಸ್ತರೇ, ಭಾವನೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಆ ಮೇರಿಯೊಳಗೆ ಕೆಲಸ ಮಾಡಲು ಜನರೇ ಸಿಗುತ್ತಿಲ್ಲ. ಸಣ್ಣ ಹಳ್ಳಿಗಳಲ್ಲಿ ಮೇರಿಯ ಕಾರ್ಯದರ್ಶಿಯೇ ಇಡೀ ಆಡಳಿತ. ಜನನ ದಾಖಲೆ, ಮತದಾರರ ಪಟ್ಟಿ, ಕಟ್ಟಡದ ಅರ್ಜಿ, ಸ್ಮಶಾನದ ಲೆಕ್ಕ ಎಲ್ಲವೂ ಆಕೆಯದೇ, ಅದೂ ಅರೆಕಾಲಿಕ ಸಂಬಳಕ್ಕೆ. ಆ ಹುದ್ದೆಗೆ ಗೌರವ ತರಬೇಕೆಂದು 2023ರ ಡಿಸೆಂಬರಿನಲ್ಲಿ ಸಂಸತ್ತು ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ದೊಡ್ಡ ಕಮ್ಯೂನಿನಲ್ಲಾದರೆ ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಇರುತ್ತಾರೆ.

ಲ್ವಾರ್ ದಂಡೆಯವಳು

ಇರುತ್ತಾರೆ, ಆದರೆ ಹದಿನಾಲ್ಕು ಕಿಲೋಮೀಟರ್ ಆಚೆ ಇರುತ್ತಾರೆ, ಮತ್ತು ಅಲ್ಲಿಗೆ ಬಸ್ಸಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಊರಿನ ಸಭಾಭವನದಲ್ಲಿ ಮಗಳ ಹುಟ್ಟುಹಬ್ಬ ಮಾಡಬೇಕಾದರೆ ಮೊದಲು ಮೇಯರರ ಹೆಂಡತಿಗೆ ಹೇಳಿದರೆ ಸಾಕಿತ್ತು. ಮೇರಿಯ ಬಾಗಿಲ ಹಿಂದೆ, ವಿದ್ಯುತ್ ಮೀಟರಿನ ಪಕ್ಕದ ಮೊಳೆಗೆ ಕೀಲಿ ನೇತುಹಾಕಿರುತ್ತಿತ್ತು. ಅದಕ್ಕೆ ಗುರುತಿಗಾಗಿ ವೈನ್ ಬಾಟಲಿಯ ಬಿರಡೆಯೊಂದನ್ನು ಕಟ್ಟಿದ್ದರು. ಮಡಚುವ ಮೇಜು ಎಷ್ಟು ತೆಗೆದುಕೊಂಡೆವು ಎಂದು ಗೋಡೆಯ ಮೇಲಿನ ಹಾಳೆಯಲ್ಲಿ ಬರೆಯುತ್ತಿದ್ದೆವು. ಈಗ ಮೂರು ವಾರ ಮುಂಚೆ ಅಂತರಜಾಲದಲ್ಲಿ ಅರ್ಜಿ ಹಾಕಬೇಕು, ವಿಮೆಯ ಪತ್ರ ಲಗತ್ತಿಸಬೇಕು, ಠೇವಣಿಯ ಚೆಕ್ಕನ್ನು ಪೇಟೆಗೆ ಹೋಗಿ ಕೊಡಬೇಕು. ಕಳೆದ ಬಾರಿ ಕೊಟ್ಟ ಕೀಲಿ ಬೇರೆ ಹಳ್ಳಿಯ ಭವನದ್ದಾಗಿತ್ತು. ಹದಿನೆಂಟು ಮಕ್ಕಳು ಮಳೆಯಲ್ಲಿ ಬಾಗಿಲ ಮುಂದೆ ನಿಂತಿದ್ದರು.

ಮಸಾಲೆಡಬ್ಬಿ

ಕೊನೆಗೆ ಏನು ಮಾಡಿದಿರಿ ಅಕ್ಕ?

ಲ್ವಾರ್ ದಂಡೆಯವಳು

ಹಳೆಯ ಮೇಯರರ ಮನೆಗೆ ಹೋದೆ. ಬಿರಡೆ ಕಟ್ಟಿದ ಹಳೆಯ ಕೀಲಿ ಅವರ ಅಡುಗೆಮನೆಯ ಡ್ರಾಯರಿನಲ್ಲೇ ಇತ್ತು. ಬೀಗ ಬದಲಾಯಿಸಲು ಹೊಸ ಕಮ್ಯೂನಿಗೆ ಇನ್ನೂ ಪುರಸತ್ತಾಗಿರಲಿಲ್ಲ.

ಬೈಸಿಕಲ್ಲು

ಇದೇ ಪಶ್ಚಿಮ ಭಾಗದಲ್ಲಿ ಯಾಕೆ ಇಷ್ಟು ವಿಲೀನಗಳಾದವು? ನಾನು ದಕ್ಷಿಣದ ತುಲೂಜಿನ ಕಡೆಯವನು. ನಮ್ಮ ಸುತ್ತಮುತ್ತ ಇಂಥದ್ದನ್ನು ಕೇಳುವುದೇ ಅಪರೂಪ.

ಕಡತಪ್ರಿಯ

ಒಳ್ಳೆಯ ಪ್ರಶ್ನೆ. ಈ ಬಗೆಯ ವಿಲೀನಕ್ಕೆ ದಾರಿ ಮಾಡಿದ್ದು 2010ರ ಡಿಸೆಂಬರ್ 16ರ ಕಾನೂನು. ಆದರೆ ಮೊದಲ ನಾಲ್ಕೈದು ವರ್ಷ ಯಾರೂ ಅದರತ್ತ ತಿರುಗಿ ನೋಡಲಿಲ್ಲವೆಂದರೂ ಆದೀತು. ಆಮೇಲೆ ಎರಡು ಸಂಗತಿಗಳು ಒಟ್ಟಿಗೆ ಬಂದವು. ಒಂದು, 2014ರಿಂದ 2017ರವರೆಗೆ ಸರ್ಕಾರವು ಸ್ಥಳೀಯ ಸಂಸ್ಥೆಗಳಿಗೆ ಕೊಡುವ ಸಾಮಾನ್ಯ ಅನುದಾನವನ್ನು ವರ್ಷದಿಂದ ವರ್ಷಕ್ಕೆ ಕಡಿತಗೊಳಿಸಿತು. ಒಟ್ಟು ಕಡಿತ ಸಾವಿರ ಕೋಟಿ ಯೂರೊಗಳನ್ನು ಮೀರಿತು. ಇನ್ನೊಂದು, 2015ರ ಮಾರ್ಚ್ 16ರ ಕಾನೂನು. ಮೇಯರುಗಳ ಸಂಘದ ಅಧ್ಯಕ್ಷರಾಗಿದ್ದ ಜಾಕ್ ಪೆಲಿಸಾರ್ ಅದರ ಹಿಂದೆ ನಿಂತವರಲ್ಲಿ ಒಬ್ಬರು. ಬೇಗ ವಿಲೀನವಾದವರಿಗೆ ಮೂರು ವರ್ಷ ಅನುದಾನ ಕಡಿತವಿಲ್ಲ, ಒಂದು ಸಾವಿರದಿಂದ ಹತ್ತು ಸಾವಿರ ಜನರ ಹೊಸ ಕಮ್ಯೂನಾದರೆ ಶೇ 5ರಷ್ಟು ಹೆಚ್ಚುವರಿ ಎಂದು ಅದು ಹೇಳಿತು. ಗಡುವು ಎದುರಿಗಿದ್ದುದರಿಂದಲೇ ಅಷ್ಟೊಂದು ಕಮ್ಯೂನುಗಳ ಜನ್ಮದಿನ 2016ರ ಜನವರಿ 1 ಆಗಿರುವುದು. ಸಾಲ ಮನ್ನಾದ ಕೊನೆಯ ದಿನ ಬ್ಯಾಂಕಿನ ಮುಂದೆ ಆಗುವ ನೂಕುನುಗ್ಗಲನ್ನು ನೆನೆಸಿಕೊಳ್ಳಿ.

ಆಂಜೂ ಸೀಮೆಯ ಮೇನ್-ಎ-ಲ್ವಾರ್ ಜಿಲ್ಲೆಯಲ್ಲಿ 357 ಇದ್ದ ಕಮ್ಯೂನುಗಳು ನಾಲ್ಕೇ ವರ್ಷದಲ್ಲಿ ಅರ್ಧಕ್ಕಿಳಿದವು. ಅಲ್ಲಿ ಹಳ್ಳಿಗಳು ಕೂಡಿ ಕೆಲಸ ಮಾಡುವ ಅಭ್ಯಾಸ ಹಳೆಯದು. ಜೊತೆಗೆ, ಪಕ್ಕದ ಕಮ್ಯೂನುಗಳು ಸೇರಿದ್ದನ್ನು ನೋಡಿ ತಾವು ಒಂಟಿಯಾಗುತ್ತೇವೆಂಬ ಭಯಕ್ಕೆ ಸೇರಿದವರೂ ಕಡಿಮೆಯಿಲ್ಲ. ನಾರ್ಮಂಡಿಯ ಲಿವಾರೊ-ಪೇಯಿ-ದೋಜ್‌ನಲ್ಲಿ 22 ಕಮ್ಯೂನುಗಳು ಒಂದೇ ದಿನ ಒಂದಾದವು. ಲಿವಾರೊ ಎಂದರೆ ಆ ಗಾಟು ವಾಸನೆಯ ಚೀಸಿನ ಊರೇ.

ಘೆಂಟಿನವ

ನಾನು ಬೆಲ್ಜಿಯಂನಲ್ಲಿದ್ದೇನೆ. ನೀವು ಹೇಳುತ್ತಿರುವುದೆಲ್ಲ ನಮಗೆ ಅಜ್ಜನ ಕಾಲದ ಕಥೆ. ಇಲ್ಲಿ 1977ರ ಜನವರಿ 1ರಂದು 2,359 ಪುರಸಭೆಗಳನ್ನು 596ಕ್ಕೆ ಇಳಿಸಿದರು. ಡೆನ್ಮಾರ್ಕಿನವರು 2007ರಲ್ಲಿ 271ನ್ನು 98ಕ್ಕೆ ತಂದರು. ಇಲ್ಲಿ ಯಾರೂ ಅದಕ್ಕಾಗಿ ಈಗ ಅಳುತ್ತಿಲ್ಲ.

ಹಳೆಯ ಮಾಸ್ತರು

ಅಲ್ಲಿ ಮೇಲಿನವರು ಆಜ್ಞೆ ಮಾಡಿದರು. ಫ್ರಾನ್ಸಿನಲ್ಲಿ ಆಜ್ಞೆ ಮಾಡುವ ಧೈರ್ಯ ಯಾವ ಸರ್ಕಾರಕ್ಕೂ ಬರಲಿಲ್ಲ. 1971ರಲ್ಲಿ ಗೃಹಮಂತ್ರಿಯಾಗಿದ್ದ ರೆಮೊಂ ಮಾರ್ಸೆಲಾಂ ಅವರು ಜಿಲ್ಲಾವಾರು ಯೋಜನೆ ಮಾಡಿ ಕಮ್ಯೂನುಗಳನ್ನು ಒಂದುಗೂಡಿಸಲು ಕಾನೂನು ತಂದರು. ಮೂವತ್ತೇಳು ಸಾವಿರಕ್ಕೂ ಹೆಚ್ಚಿದ್ದ ಕಮ್ಯೂನುಗಳಲ್ಲಿ ಕಡಿಮೆಯಾದವು ಸಾವಿರದ ಮೇಲೆ ಕೆಲವು ಅಷ್ಟೇ, ಅವುಗಳಲ್ಲೂ ಹಲವು ಮುಂದೆ ಬೇರೆ ಮನೆ ಮಾಡಿದವು. ಸೊಸೆಯನ್ನು ಬಲವಂತವಾಗಿ ಕರೆತಂದರೆ ಸಂಸಾರ ನಡೆಯುವುದಿಲ್ಲ ಎಂದು ಆಗ ಕಲಿತ ಪಾಠದಿಂದಲೇ, ಈಗ ವರದಕ್ಷಿಣೆಯ ಆಸೆ ತೋರಿಸಿ ಕರೆತಂದಿದ್ದಾರೆ.

ಅಂಕಿಅಂಶ

ಹೋಲಿಕೆ ಚೆನ್ನಾಗಿದೆ, ಆದರೆ ಇಲ್ಲಿ ಸೊಸೆಯೇ ಒಪ್ಪಿ ಸಹಿ ಹಾಕಿದ್ದಾಳೆ. ಪರಿಷತ್ತುಗಳು ಮತ ಹಾಕದೆ ಯಾವ ಹೊಸ ಕಮ್ಯೂನೂ ಹುಟ್ಟಿಲ್ಲ.

ಲ್ವಾರ್ ದಂಡೆಯವಳು

ಪರಿಷತ್ತು ಒಪ್ಪಿತು, ಊರು ಒಪ್ಪಲಿಲ್ಲ. ಊರನ್ನು ಯಾರೂ ಕೇಳಲೇ ಇಲ್ಲ. ಎಲ್ಲ ಪರಿಷತ್ತುಗಳೂ ಒಪ್ಪಿದರೆ ಜನಮತ ಬೇಕಿಲ್ಲವಂತೆ. ನಮ್ಮಲ್ಲಿ ಹನ್ನೊಂದು ಜನ ಕೈಯೆತ್ತುವ ಮತದಾನದಲ್ಲಿ ಆರು–ಐದರಿಂದ ತೀರ್ಮಾನ ಮಾಡಿದರು. ಆ ಆರರಲ್ಲಿ ಒಬ್ಬರು ಮಾರನೆಯ ಬೇಸಿಗೆಯಲ್ಲೇ ಊರು ಬಿಟ್ಟು ಹೋದರು.

ತುಂಗಾತೀರ

ನಮ್ಮ ಬೆಂಗಳೂರಿಗೆ 2007ರಲ್ಲಿ 110 ಹಳ್ಳಿಗಳನ್ನು ಸೇರಿಸಿದರಲ್ಲ, ಅದೇ ಕಥೆ. ತೆರಿಗೆ ಮೊದಲು ಬಂತು, ನೀರು ಆಮೇಲೆ.

ಕಡತಪ್ರಿಯ

ಒಂದು ಅಂಶದಲ್ಲಿ ಮಾತ್ರ ಅದೇ ಕಥೆ. ಬೆಂಗಳೂರಿನಲ್ಲಿ ನಗರ ಬೆಳೆದು ಬಂದು ಹಳ್ಳಿಯನ್ನು ನುಂಗಿತು. ಇಲ್ಲಿ ಯಾವ ನಗರವೂ ಬೆಳೆದಿಲ್ಲ. ಹಳ್ಳಿಗಳ ನಡುವೆ ಈಗಲೂ ಹಸು ಮೇಯುವ ಹುಲ್ಲುಗಾವಲೇ ಇದೆ. ಇನ್ನು ನಮ್ಮ ಗ್ರಾಮ ಪಂಚಾಯತಿ ಹುಟ್ಟುವಾಗಲೇ ನಾಲ್ಕಾರು ಹಳ್ಳಿಗಳ ಒಕ್ಕೂಟ. ಫ್ರಾನ್ಸಿನಲ್ಲಿ ಒಂದು ಗಂಟೆಗೋಪುರಕ್ಕೆ ಒಂದು ಕಮ್ಯೂನು. ಆದ್ದರಿಂದ ಆ ಹೋಲಿಕೆಯನ್ನು ಹೆಚ್ಚು ಎಳೆಯುವುದು ಬೇಡ. ತೆರಿಗೆಯ ಬಗ್ಗೆ ಹೇಳುವುದಾದರೆ, ಸೇರಿದ ಕಮ್ಯೂನುಗಳ ಬೇರೆಬೇರೆ ದರಗಳನ್ನು ಹನ್ನೆರಡು ವರ್ಷಗಳವರೆಗೆ ಹಂತಹಂತವಾಗಿ ಸಮ ಮಾಡಲು ಅವಕಾಶವಿದೆ; ಒಂದೇ ಏಟಿಗೆ ಏರಿಸುವುದಿಲ್ಲ.

ಬೈಸಿಕಲ್ಲು

ಅಂದರೆ ನೋವು ಗೊತ್ತಾಗದ ಹಾಗೆ.

ಮಸಾಲೆಡಬ್ಬಿ

ನನ್ನದು ಸಣ್ಣ ತಕರಾರು. ನಾರ್ಮಂಡಿಯಲ್ಲಿ ನಾವಿರುವ ಹಳ್ಳಿಯೂ ವಿಲೀನವಾದದ್ದೇ. ಸೇರಿದ ಆರು ಊರುಗಳಲ್ಲಿ ಆರು ‘ಚರ್ಚ್ ಬೀದಿ’ಗಳಿದ್ದವು. ಹೊಸ ಕಮ್ಯೂನಿನ ಹೆಸರು ಮತ್ತು ಅಂಚೆ ಸಂಖ್ಯೆ ಒಂದೇ ಆದ ಮೇಲೆ ನಮ್ಮ ಕಾಗದಗಳು ಊರೂರು ತಿರುಗತೊಡಗಿದವು. ಒಂದು ಚಳಿಗಾಲದಲ್ಲಿ ಮನೆ ಕಾಯಿಸುವ ಎಣ್ಣೆ ತರಿಸಿದ್ದೆ. ಟ್ಯಾಂಕರಿನವನು ಒಂಬತ್ತು ಕಿಲೋಮೀಟರ್ ಆಚೆಯ ಇನ್ನೊಂದು ಚರ್ಚ್ ಬೀದಿಯ ಅದೇ ಮನೆ ಸಂಖ್ಯೆಗೆ ಹೋಗಿ, ತನ್ನ ತೊಟ್ಟಿ ತುಂಬಿದೆ ಎಂದು ಹೇಳುತ್ತಿದ್ದ ಅಜ್ಜಿಯೊಂದಿಗೆ ಅರ್ಧ ಗಂಟೆ ವಾದ ಮಾಡಿದನಂತೆ. ನಾವು ಇಲ್ಲಿ ಕೋಟು ಹಾಕಿಕೊಂಡು ಉಪ್ಪಿಟ್ಟು ತಿನ್ನುತ್ತಿದ್ದೆವು.

ಆಮೇಲೆ ಬೀದಿಗಳ ಹೆಸರು ಬದಲಾಯಿಸಿದರು. ನಮ್ಮದು ಈಗ ‘ಲಿಂಡನ್ ಮರಗಳ ಬೀದಿ’. ಇದ್ದ ಒಂದು ಲಿಂಡನ್ ಮರವನ್ನು ಹಿಂದಿನ ವರ್ಷವೇ ಕಡಿದಿದ್ದರು.

ಅಂಕಿಅಂಶ

ಬೀದಿಯ ಹೆಸರನ್ನು ವಿಲೀನದ ತಲೆಗೆ ಕಟ್ಟುವುದು ಪೂರ್ತಿ ನ್ಯಾಯವಲ್ಲ. 2022ರ ಫೆಬ್ರುವರಿಯ ಕಾನೂನಿನ ಪ್ರಕಾರ ಎರಡು ಸಾವಿರಕ್ಕಿಂತ ಕಡಿಮೆ ಜನರಿರುವ ಕಮ್ಯೂನುಗಳೂ ಬೀದಿಗಳಿಗೆ ಹೆಸರಿಡಬೇಕಾಯಿತು. ಆಂಬ್ಯುಲೆನ್ಸಿನವರಿಗೂ ಇಂಟರ್ನೆಟ್ ಕೇಬಲ್ ಎಳೆಯುವವರಿಗೂ ಸರಿಯಾದ ವಿಳಾಸ ಬೇಕೇ ಬೇಕು.

ಮಸಾಲೆಡಬ್ಬಿ

ಬೇಕು ಸರ್, ನಾನು ಬೇಡ ಎನ್ನಲಿಲ್ಲ. ಮರ ಇರುವ ಬೀದಿಗೆ ಮರದ ಹೆಸರಿಡಬಹುದಿತ್ತು ಎಂದೆ.

ಬೈಸಿಕಲ್ಲು

ಹೊಸ ಕಮ್ಯೂನುಗಳ ಹೆಸರುಗಳನ್ನೂ ನೋಡಿ, ಯಾರಿಗೂ ನೋವಾಗಬಾರದೆಂದು ಹುಡುಕಿದಂತಿವೆ. ಸೆವ್ರ್‌ಮ್ವಾನ್ ಎಂಬುದು ಸೆವ್ರ್ ಮತ್ತು ಮ್ವಾನ್ ಎಂಬ ಎರಡು ನದಿಗಳನ್ನು ಜೋಡಿಸಿದ್ದು.

ಹಳೆಯ ಮಾಸ್ತರು

ಮೇನ್-ಎ-ಲ್ವಾರ್ ಜಿಲ್ಲೆಯದೇ ಆದ ತುಫಾಲನ್ ಇನ್ನೂ ಸೊಗಸು. ಮೂರು ಹಳ್ಳಿಗಳು ಸೇರಿ ತಮ್ಮ ನೆಲದಲ್ಲಿ ಸಿಗುವ ಎರಡು ಬಗೆಯ ಕಲ್ಲುಗಳ ಹೆಸರನ್ನೇ ಬೆಸೆದುಕೊಂಡವು. ತುಫೊ ಎಂಬುದು ಲ್ವಾರ್ ತೀರದ ಕೋಟೆಗಳನ್ನು ಕಟ್ಟಿದ ಬಿಳಿಯ ಮೆತ್ತನೆಯ ಸುಣ್ಣಕಲ್ಲು; ಫಾಲನ್ ಎಂಬುದು ಒಂದು ಕಾಲದಲ್ಲಿ ಅಲ್ಲಿದ್ದ ಸಮುದ್ರ ಬಿಟ್ಟುಹೋದ ಚಿಪ್ಪುಗಳ ಕಲ್ಲು. ಯಾರ ಊರಿನ ಹೆಸರೂ ಗೆಲ್ಲಲಿಲ್ಲ, ಯಾರದೂ ಸೋಲಲಿಲ್ಲ. ನನಗಂತೂ ಈ ಹೆಸರಿನಲ್ಲಿ ತಪ್ಪು ಕಾಣುವುದಿಲ್ಲ.

ಕಡತಪ್ರಿಯ

ಈಗ ಮೇಡಂ ಅವರ ಪ್ರಶ್ನೆಗೆ ಬರುತ್ತೇನೆ. ತಡವಾದುದಕ್ಕೆ ಕ್ಷಮೆ ಇರಲಿ.

ಮೊದಲನೆಯದು. ಹಳೆಯ ಹಳ್ಳಿಗಳ ‘ದೆಲೆಗೆ’ ಸ್ಥಾನವನ್ನು ರದ್ದು ಮಾಡುವ ಅಧಿಕಾರ ಹೊಸ ಕಮ್ಯೂನಿನ ಪರಿಷತ್ತಿಗೆ ಇದೆ ಎಂಬುದು ನಿಜ. ಆದರೆ ಅದಕ್ಕೆ ಆ ಹಳ್ಳಿಯ ‘ಮೇರ್ ದೆಲೆಗೆ’, ಅಂದರೆ ಉಪಮೇಯರ್ ದರ್ಜೆಯ ಹಳ್ಳಿ ಮುಖ್ಯಸ್ಥರ ಒಪ್ಪಿಗೆ ಬೇಕು. ಶಾಖಾ ಮೇರಿಯನ್ನು ಮುಚ್ಚಲೂ ಅದೇ ಒಪ್ಪಿಗೆ ಬೇಕು. ಹಳ್ಳಿಗೆ ಪ್ರತ್ಯೇಕ ಸಲಹಾ ಪರಿಷತ್ತು ಇದ್ದರೆ ಅದರದೂ ಬೇಕು. ಆದ್ದರಿಂದ ಮೊದಲು ನಿಮ್ಮ ಮೇರ್ ದೆಲೆಗೆಯವರನ್ನು ಕಂಡು, ಒಪ್ಪಿಗೆ ಕೊಟ್ಟಿದ್ದೀರಾ ಎಂದು ನೇರವಾಗಿ ಕೇಳಿ. ಬರಹದಲ್ಲಿ ಕೇಳಿದರೆ ಇನ್ನೂ ಒಳ್ಳೆಯದು.

ಎರಡನೆಯದು, ಬೇರೆಯಾಗುವುದು. ಬೇರೆಯಾಗಲು ಬಯಸುವ ಭಾಗದ ಮತದಾರರಲ್ಲಿ ಮೂರನೇ ಒಂದು ಭಾಗದಷ್ಟು ಜನ ಸಹಿ ಮಾಡಿ ಮನವಿ ಕೊಟ್ಟರೆ, ಅಥವಾ ಕಮ್ಯೂನಿನ ಪರಿಷತ್ತೇ ಕೇಳಿದರೆ, ಜಿಲ್ಲೆಯಲ್ಲಿ ಸರ್ಕಾರದ ಪ್ರತಿನಿಧಿಯಾದ ಪ್ರಿಫೆಕ್ಟ್ ಸಾರ್ವಜನಿಕ ವಿಚಾರಣೆಗೆ ಆದೇಶಿಸಬೇಕಾಗುತ್ತದೆ. ಆ ಭಾಗದ ಮತದಾರರೇ ಆರಿಸಿದ ಒಂದು ಸಮಿತಿ ಅಭಿಪ್ರಾಯ ಕೊಡುತ್ತದೆ. ಆಮೇಲೆ ತೀರ್ಮಾನ ಪ್ರಿಫೆಕ್ಟ್‌ರದು. ಸಹಿಗಳು ಬಂದವೆಂದು ಅವರು ಬಿಡುಗಡೆ ಕೊಡಲೇಬೇಕು ಎಂದೇನೂ ಇಲ್ಲ. ಆಸ್ತಿ, ಸಾಲ, ನೌಕರರು ಎಲ್ಲವನ್ನೂ ಹಂಚಬೇಕಾಗುವುದರಿಂದ ಅವರ ಮನಸ್ಸು ಒಲಿಯುವುದು ಕಷ್ಟ. ಅಣ್ಣತಮ್ಮಂದಿರ ಪಾಲಿನ ಪಂಚಾಯಿತಿಯಂತೆಯೇ ಇದು: ಸೇರುವಾಗ ಒಂದು ಸಹಿ, ಒಡೆಯುವಾಗ ಕಡತದ ರಾಶಿ.

ಲ್ವಾರ್ ದಂಡೆಯವಳು

ತುಂಬಾ ಧನ್ಯವಾದಗಳು ಸರ್. ಆದರೆ ಮೊದಲನೆಯದರಲ್ಲೇ ಒಂದು ತೊಡಕಿದೆ. ನಮ್ಮ ಮೇರ್ ದೆಲೆಗೆ ನಮ್ಮ ಊರಿನವರಲ್ಲ, ಪೇಟೆಯಲ್ಲಿ ಇರುವವರು.

ತುಂಗಾತೀರ

ಅದು ಹೇಗೆ ಸಾಧ್ಯ? ಊರಿನ ಮುಖ್ಯಸ್ಥ ಊರಿನವನೇ ಆಗಿರಬೇಕಲ್ಲವೇ?

ಕಡತಪ್ರಿಯ

ಆಗಿರಬೇಕೆಂದಿಲ್ಲ. ಅವರನ್ನು ಆರಿಸುವುದು ಊರಿನ ಮತದಾರರಲ್ಲ, ಹೊಸ ಕಮ್ಯೂನಿನ ಪರಿಷತ್ತು, ಅದೂ ತನ್ನ ಸದಸ್ಯರಲ್ಲಿ ಒಬ್ಬರನ್ನು. ಆ ಪರಿಷತ್ತಿನ ಗಾತ್ರವೂ ಕಾಲಕ್ರಮದಲ್ಲಿ ಕುಗ್ಗುತ್ತದೆ. ಆರಂಭದಲ್ಲಿ ಹಳೆಯ ಸದಸ್ಯರೆಲ್ಲರೂ ಇರಬಹುದು. ಮೊದಲ ಚುನಾವಣೆಯಲ್ಲಿ ಜನಸಂಖ್ಯೆಗೆ ಅನುಗುಣವಾದುದಕ್ಕಿಂತ ಹೆಚ್ಚು ಸಂಖ್ಯೆ. ಕೊನೆಗೆ ಸಾಮಾನ್ಯ ಲೆಕ್ಕ.

ಲ್ವಾರ್ ದಂಡೆಯವಳು

ನಮ್ಮಲ್ಲಿ ಹಾಗೆಯೇ ಆಯಿತು. 2016ರಲ್ಲಿ ನೂರೈವತ್ತರ ಹತ್ತಿರ ಸದಸ್ಯರು ಪೇಟೆಯ ಕ್ರೀಡಾಭವನದಲ್ಲಿ, ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಕುಳಿತು ಸಭೆ ನಡೆಸಿದರು. 2020ರಲ್ಲಿ ಆ ಸಂಖ್ಯೆ ಬಹಳ ಕುಗ್ಗಿತು. ಈಗಿನ ಪರಿಷತ್ತಿನಲ್ಲಿ ನಮ್ಮ ಊರಿನವರು ಒಬ್ಬರೇ, ಅವರಿಗೂ ಎಂಬತ್ತು ಸಮೀಪಿಸಿದೆ.

ಇನ್ನೊಂದು ಮಾತು. ನಾನು ಫ್ರೆಂಚ್ ಪೌರತ್ವ ಪಡೆದದ್ದು 2013ರಲ್ಲಿ. ಯುರೋಪ್ ಒಕ್ಕೂಟದ ಹೊರಗಿನವರಿಗೆ ಇಲ್ಲಿ ಪುರಸಭೆಯ ಚುನಾವಣೆಯಲ್ಲೂ ಮತ ಇಲ್ಲದಿರುವುದರಿಂದ, 2014ರದ್ದೇ ನನ್ನ ಮೊದಲ ಮತ. ಆಗ ಸಾವಿರಕ್ಕಿಂತ ಕಡಿಮೆ ಜನರ ಕಮ್ಯೂನುಗಳಲ್ಲಿ ಮತಪತ್ರದ ಮೇಲಿನ ಹೆಸರುಗಳನ್ನು ಪೆನ್ನಿನಿಂದ ಹೊಡೆದುಹಾಕಬಹುದಿತ್ತು. ಸಂಜೆ ಎಣಿಕೆಯ ಹೊತ್ತಿಗೆ ಮೇರಿಯೊಳಗೆ ಎಲ್ಲರೂ ನಿಂತಿರುತ್ತಿದ್ದರು. ಯಾರ ಹೆಸರಿನ ಮೇಲೆ ಎಷ್ಟು ಗೆರೆ ಬಿದ್ದಿದೆ ಎಂಬುದು ಎಲ್ಲರೆದುರೇ ಗೊತ್ತಾಗುತ್ತಿತ್ತು. ಬೇಲಿಯ ವಿಷಯಕ್ಕೆ ನೆರೆಯವನೊಡನೆ ಜಗಳವಾಡಿದ ಸದಸ್ಯರೊಬ್ಬರ ಹೆಸರು ಅರವತ್ತು ಚೀಟಿಗಳಲ್ಲಿ ಹೊಡೆದುಹೋಗಿತ್ತು. ಅವರು ಮುಖ ಕೆಂಪಾಗಿಸಿಕೊಂಡು ನಿಂತಿದ್ದರು, ಆದರೆ ಹೊರಗೆ ಹೋಗಲಿಲ್ಲ. ಮರುವಾರವೇ ಬೇಲಿ ಹಿಂದಕ್ಕೆ ಸರಿಯಿತು. ಈಗ ನಮ್ಮ ಕೈಗೆ ಬರುವುದು ಹೆಸರುಗಳ ಒಂದು ಉದ್ದನೆಯ ಪಟ್ಟಿ. ಒಂದು ಗೆರೆ ಎಳೆದರೂ ಮತ ತಿರಸ್ಕೃತ.

ಅಂಕಿಅಂಶ

2026ರ ಮಾರ್ಚಿನಿಂದ ವಿಲೀನವಾಗದ ಸಣ್ಣ ಕಮ್ಯೂನುಗಳಲ್ಲೂ ಅದೇ ಪಟ್ಟಿಯ ಪದ್ಧತಿ ಬಂದಿದೆ. ಸ್ತ್ರೀ ಪುರುಷರ ಸಮಾನ ಸಂಖ್ಯೆಗಾಗಿ 2025ರ ಮೇ ತಿಂಗಳಿನಲ್ಲಿ ಕಾನೂನು ಬದಲಾಯಿತು. ಅದನ್ನು ವಿಲೀನದ ಲೆಕ್ಕಕ್ಕೆ ಬರೆಯಬೇಡಿ.

ಲ್ವಾರ್ ದಂಡೆಯವಳು

ಒಪ್ಪಿದೆ. ಆದರೆ ಆ ಸಣ್ಣ ಊರುಗಳ ಪಟ್ಟಿಯಲ್ಲಿ ಇರುವವರೆಲ್ಲ ಅದೇ ಊರಿನ ಪರಿಚಯದ ಮುಖಗಳು. ನಮ್ಮ ಪಟ್ಟಿಯಲ್ಲಿ ನನಗೆ ಪರಿಚಯವಿದ್ದವರು ಮೂವರು.

ಘೆಂಟಿನವ

ನಿಮ್ಮ ಹಳೆಯ ಮೇಯರರಿಗೆ ನಿಜವಾದ ಅಧಿಕಾರ ಎಷ್ಟಿತ್ತು ಎಂಬುದನ್ನೂ ಕೇಳಿಕೊಳ್ಳಬೇಕು. ಕಸ, ನೀರು, ಉದ್ಯಮ ಎಲ್ಲವೂ ಆಗಲೇ ಹಲವು ಕಮ್ಯೂನುಗಳು ಕೂಡಿ ನಡೆಸುವ ಅಂತರಕಮ್ಯೂನು ಸಂಘಗಳ ಕೈಗೆ ಹೋಗಿತ್ತಲ್ಲವೇ?

ಅಂಕಿಅಂಶ

ಇದೇ ನನ್ನ ಮುಖ್ಯ ವಾದ. 2015ರ ಆಗಸ್ಟ್ 7ರ ಕಾನೂನು ಈ ಸಂಘಗಳಿಗೆ ಸಾಮಾನ್ಯವಾಗಿ ಕನಿಷ್ಠ 15 ಸಾವಿರ ಜನಸಂಖ್ಯೆ ಇರಬೇಕೆಂದಿತು. 2016ರಲ್ಲಿ ಎರಡು ಸಾವಿರಕ್ಕೂ ಹೆಚ್ಚಿದ್ದ ಸಂಘಗಳು 2017ರಲ್ಲಿ 1,266ಕ್ಕೆ ಇಳಿದವು. ಅಷ್ಟು ದೊಡ್ಡ ಸಂಘದ ಸಭೆಯಲ್ಲಿ ನಾನೂರು ಜನರ ಊರಿನ ಮೇಯರರಿಗೆ ಒಂದು ಕುರ್ಚಿ, ಒಂದು ಮತ, ಅಷ್ಟೇ. ಹನ್ನೊಂದು ಊರು ಸೇರಿ ಒಂಬತ್ತು ಸಾವಿರ ಜನರಾದರೆ ಆ ಸಭೆಯಲ್ಲಿ ಮಾತಿಗೆ ತೂಕ ಬರುತ್ತದೆ. ಹಳ್ಳಿಗಳು ವಿಲೀನವಾದದ್ದು ತಮ್ಮ ಅಧಿಕಾರ ಬಿಟ್ಟುಕೊಡಲು ಅಲ್ಲ, ಉಳಿದಿದ್ದುದನ್ನು ಕಾಪಾಡಿಕೊಳ್ಳಲು. ಹಣ ಉಳಿಯುತ್ತದೆ ಎಂದು ನಾನು ಎಂದೂ ಹೇಳಿಲ್ಲ. ನೌಕರರ ಸೌಲಭ್ಯಗಳನ್ನು ಸಮ ಮಾಡುವಾಗ ಯಾರೂ ಕೆಳಕ್ಕೆ ಸಮ ಮಾಡುವುದಿಲ್ಲ.

ಹಳೆಯ ಮಾಸ್ತರು

ಈ ವಾದಕ್ಕೆ ನಾನು ತಲೆಬಾಗುತ್ತೇನೆ, ಇದರಲ್ಲಿ ಸತ್ಯವಿದೆ. ಆದರೂ ಶಾಲೆಯ ವಿಷಯ ನೋಡಿ. 2019ರ ಏಪ್ರಿಲಿನಲ್ಲಿ, ಸರ್ಕಾರದ ವಿರುದ್ಧ ಹಳದಿ ಕವಚ ತೊಟ್ಟು ಬೀದಿಗಿಳಿದವರ ಚಳವಳಿಯ ನಂತರ, ಮೇಯರರ ಒಪ್ಪಿಗೆಯಿಲ್ಲದೆ 2022ರವರೆಗೆ ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ರಾಷ್ಟ್ರಾಧ್ಯಕ್ಷರು ಮಾತು ಕೊಟ್ಟರು. ವಿಲೀನವಾದ ಹಳ್ಳಿಗೆ ಆ ಮಾತಿನಿಂದ ಏನು ಸಿಕ್ಕಿತು? ಅಲ್ಲಿ ಮೇಯರ್ ಎಂದರೆ ಪೇಟೆಯವರು. ಎರಡು ತರಗತಿಗಳ ಹಳ್ಳಿ ಶಾಲೆಯನ್ನು ಮುಚ್ಚಿ ಮಕ್ಕಳನ್ನು ಪೇಟೆಗೆ ಕಳುಹಿಸಿದರೆ ಅವರ ಪೇಟೆಯ ಶಾಲೆಯೇ ತುಂಬುತ್ತದೆ.

ಬೈಸಿಕಲ್ಲು

ಜನರೇ ಇಲ್ಲದ ಕಮ್ಯೂನುಗಳೂ ಫ್ರಾನ್ಸಿನಲ್ಲಿ ಇವೆಯಂತೆ, ಹೌದೇ?

ಹಳೆಯ ಮಾಸ್ತರು

ಹೌದು, ಮ್ಯೂಸ್ ಜಿಲ್ಲೆಯಲ್ಲಿ ಆರು ಇವೆ. 1916ರ ವೆರ್ಡನ್ ಕಾಳಗದಲ್ಲಿ ಮಣ್ಣುಪಾಲಾದ ಹಳ್ಳಿಗಳವು. ನೆಲದೊಳಗೆ ಸಿಡಿಯದ ಗುಂಡುಗಳು ತುಂಬಿದ್ದುದರಿಂದ ಮತ್ತೆ ಕಟ್ಟಲಿಲ್ಲ. ಜನಸಂಖ್ಯೆ ಸೊನ್ನೆ, ಮತದಾರರಿಲ್ಲದ ಕಾರಣ ಪ್ರಿಫೆಕ್ಟ್ ಅವರೇ ಮೇಯರನ್ನು ನೇಮಿಸುತ್ತಾರೆ. ಫ್ಲೆರಿ ಎಂಬ ಊರಿದ್ದ ಕಾಡಿನಲ್ಲಿ ಬೇಕರಿ ಎಲ್ಲಿತ್ತು, ಶಾಲೆ ಎಲ್ಲಿತ್ತು ಎಂದು ಸಣ್ಣ ಕಂಬಗಳನ್ನು ನೆಟ್ಟಿದ್ದಾರೆ. ಮಗ ಕರೆದುಕೊಂಡು ಹೋಗಿದ್ದ. ನೆಲವೆಲ್ಲ ಗುಂಡಿ, ಗುಂಡಿಯ ತುಂಬ ಹುಲ್ಲು. ಪಕ್ಕದ ದುವೊಮೊಂ ಎಂಬ ಊರಿನಲ್ಲಿ ಮಾತ್ರ ನಾಲ್ಕಾರು ಜನ ಮರಳಿ ನೆಲೆಸಿದ್ದರು. ಅದು 2019ರ ಜನವರಿ 1ರಂದು ನೆರೆಯ ವೋ ಹಳ್ಳಿಯೊಂದಿಗೆ ವಿಲೀನವಾಯಿತು.

ತುಂಗಾತೀರ

ಜನ ಇದ್ದ ಊರು ವಿಲೀನ, ಜನ ಇಲ್ಲದ ಊರು ಸ್ವತಂತ್ರ. ಇದನ್ನು ಯಾವ ಲೆಕ್ಕಕ್ಕೆ ಹಾಕುತ್ತೀರಿ ಅಂಕಿಅಂಶ ಸರ್?

ಅಂಕಿಅಂಶ

ಅದು ಲೆಕ್ಕಕ್ಕೆ ಸೇರುವುದಲ್ಲ, ಗೌರವಕ್ಕೆ ಸೇರುವುದು. ಅದರಲ್ಲಿ ನನಗೇನೂ ತಕರಾರಿಲ್ಲ.

ಲ್ವಾರ್ ದಂಡೆಯವಳು

ಗೌರವದ ಮಾತು ಬಂದಿದ್ದರಿಂದ ಹೇಳುತ್ತೇನೆ. ನವೆಂಬರ್ 11ರಂದು ಬೆಳಗ್ಗೆ ಹನ್ನೊಂದಕ್ಕೆ, ಮೊದಲ ಮಹಾಯುದ್ಧ ನಿಂತ ಗಳಿಗೆಯಲ್ಲಿ, ಪ್ರತಿ ಊರಿನ ಸ್ಮಾರಕದ ಮುಂದೆ ಹೂಚಕ್ರ ಇಡುತ್ತಾರೆ. ನಮ್ಮ ಕಲ್ಲಿನ ಮೇಲೆ ಹದಿನಾಲ್ಕು ಹೆಸರುಗಳಿವೆ, ಮೂವರು ಒಂದೇ ಮನೆಯವರು. ಶಾಲೆಯ ಮಗುವೊಂದು ಒಂದೊಂದೇ ಹೆಸರನ್ನು ಓದುತ್ತದೆ, ಪ್ರತಿ ಹೆಸರಿಗೂ ನೆರೆದವರು ‘ಫ್ರಾನ್ಸಿಗಾಗಿ ಮಡಿದ’ ಎನ್ನುತ್ತಾರೆ. ಒಂದು ವರ್ಷ ನನ್ನ ಮಗಳು ಓದಿದಳು.

ಹನ್ನೊಂದು ಊರಿಗೂ ಒಬ್ಬರೇ ಮೇಯರ್ ಆದ ಮೇಲೆ ಅವರು ಒಂದೇ ಗಳಿಗೆಯಲ್ಲಿ ಎಲ್ಲ ಕಡೆ ಇರಲಾರರಷ್ಟೆ. ಆದ್ದರಿಂದ ಸಮಯಪಟ್ಟಿ ಮಾಡಿದ್ದಾರೆ. ಹನ್ನೊಂದು ಗಂಟೆ ಪೇಟೆಗೆ ಸಿಕ್ಕಿತು. ನಮಗೆ ಸಿಕ್ಕಿದ್ದು ಎಂಟೂ ಮುಕ್ಕಾಲು. ಹೋದ ವರ್ಷ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಓದುವ ಹುಡುಗ ಮೊಬೈಲಿನ ಬೆಳಕು ಹಿಡಿದು ಓದಿದ. ಮೇಯರರು ಕಾರಿನ ಎಂಜಿನ್ ನಿಲ್ಲಿಸದೆ ಇಳಿದು ಬಂದು, ಹೂವಿಟ್ಟು, ಮುಂದಿನ ಊರಿಗೆ ಹೊರಟರು. ಆಮೇಲೆ ಹಳೆಯ ಮೇಯರರ ಹೆಂಡತಿ ಎಲ್ಲರಿಗೂ ಬ್ರಿಯೋಶ್ ಎಂಬ ಸಿಹಿ ಬ್ರೆಡ್ಡು ಹಂಚಿದರು. ಹನ್ನೊಂದಕ್ಕೆ ಚರ್ಚಿನ ಗಂಟೆ ಹೊಡೆದಾಗ ನಾವು ಏಳೆಂಟು ಜನ ಯಾರೂ ಕರೆಯದೆ ಮತ್ತೆ ಅಲ್ಲಿಗೆ ಬಂದು ನಿಂತಿದ್ದೆವು.

ಮಸಾಲೆಡಬ್ಬಿ

ಅಕ್ಕ, ಸಹಿ ಸಂಗ್ರಹ ಶುರು ಮಾಡಿ. ನಿಮ್ಮ ಊರಿನಲ್ಲಿ ಮತದಾರರು ಎಷ್ಟು?

ಲ್ವಾರ್ ದಂಡೆಯವಳು

ನಮ್ಮ ಮತಗಟ್ಟೆಯಲ್ಲಿ 312. ಮೂರನೇ ಒಂದು ಭಾಗವೆಂದರೆ 104. ನಿನ್ನೆ ಸಂಜೆ ಕಡತಪ್ರಿಯ ಸರ್ ಬರೆದದ್ದನ್ನು ಗಂಡನಿಗೆ ಅನುವಾದಿಸಿ ಹೇಳಿದೆ, ಇಬ್ಬರೂ ಹೋಗಿ ಹದಿನೈದು ಮನೆಗಳ ಬಾಗಿಲು ತಟ್ಟಿದೆವು. ಸಹಿ ಮಾಡುತ್ತೇವೆ ಎಂದವರು ಹತ್ತೊಂಬತ್ತು ಜನ. ಮೂರು ಮನೆಯವರು ಅಂಕಿಅಂಶ ಅವರ ಪಕ್ಷವನ್ನೇ ಹಿಡಿದರು: ರಸ್ತೆಗೆ ಡಾಂಬರು ಬಿದ್ದದ್ದು ವಿಲೀನದ ನಂತರವೇ. ಅದೂ ನಿಜ.

ಅಂಕಿಅಂಶ

ಅದನ್ನು ಮರೆಮಾಚದೆ ಹೇಳಿದ್ದಕ್ಕೆ ವಂದನೆ. ಮನವಿಯ ಜೊತೆ ಮುಂದಿನ ಐದು ವರ್ಷದ ಆಯವ್ಯಯದ ಅಂದಾಜು ಇದ್ದರೆ ಪ್ರಿಫೆಕ್ಟ್ ಕಚೇರಿಯವರು ಗಂಭೀರವಾಗಿ ಓದುತ್ತಾರೆ. ಹಳೆಯ ಲೆಕ್ಕಪತ್ರಗಳನ್ನು ಕಳುಹಿಸಿದರೆ ನಾನು ಮಾಡಿಕೊಡುತ್ತೇನೆ. ಅಭಿಪ್ರಾಯ ಮಾತ್ರ ಬದಲಾಗಿಲ್ಲ ಎಂದು ದಾಖಲಿಸುತ್ತೇನೆ.

ಬೈಸಿಕಲ್ಲು

ಸಹಿಯ ಎದುರು ವಿಳಾಸ ಬರೆಯುವಾಗ ಹಳೆಯ ಊರಿನ ಹೆಸರು ಬರೆಯುತ್ತೀರೋ, ಹೊಸದೋ?

ಲ್ವಾರ್ ದಂಡೆಯವಳು

ಹಳೆಯದನ್ನೇ ಬರೆಯಬೇಕೆಂದು ಎಲ್ಲರೂ ಹಟ ಹಿಡಿದಿದ್ದಾರೆ.

ಕಡತಪ್ರಿಯ

ದಯವಿಟ್ಟು ಹಾಗೆ ಮಾಡಬೇಡಿ. ಮತದಾರರ ಪಟ್ಟಿಯಲ್ಲಿ ಹೇಗಿದೆಯೋ ಹಾಗೆಯೇ, ಹೊಸ ಕಮ್ಯೂನಿನ ಹೆಸರು ಮತ್ತು ಹೊಸ ಬೀದಿಯ ಹೆಸರಿನೊಂದಿಗೆ ಬರೆಯಿರಿ. ಪಟ್ಟಿಗೆ ತಾಳೆಯಾಗದ ಸಹಿಯನ್ನು ಎಣಿಕೆಯಿಂದ ಬಿಟ್ಟುಬಿಡಲು ಅವರಿಗೆ ಅದೊಂದೇ ನೆಪ ಸಾಕು. ಊರಿನ ಹಳೆಯ ಹೆಸರನ್ನು ಕೆಳಗಿನ ಸಾಲಿನಲ್ಲಿ ಸೇರಿಸಿ.